ಸಣ್ಣ ತಿರುವಿಗೆ ಸಣ್ಣ ಎಂಜಿನ್

ಮುಂಬಯಿಯ ನಮ್ಮ ಮನೆಯಲ್ಲಿ ನನ್ನ ಪುಟ್ಟ ರೈಲಿಗೆ ಸಿಕ್ಕಿದ್ದು ನಾಲ್ಕಡಿ-ಆರಡಿ ಹಲಗೆ. ಆಟ ಮುಗಿದರೆ ಅದೂ ಮಂಚದ ಕೆಳಗೆ! ಹಳಿಯ ತಿರುವಿನ ತ್ರಿಜ್ಯ ಬರೀ 18 ಇಂಚು.

ಅಪ್ಪ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವರು. ಆ ನೆನಪಿಗೆ, ಅರಿಯರ್ಸ್ ಬಂದಾಗ 1:87 ಅಳತೆಯ ದೊಡ್ಡ 4-8-4 ಎಂಜಿನ್ ಕೊಂಡೆ. ತಿರುವು ಬಂದಾಗಲೆಲ್ಲ ಹಳಿ ತಪ್ಪಿತು. ಮೊದಲ ಮತ್ತು ಕೊನೆಯ ಚಾಲಕ ಗಾಲಿಗಳ ನಡುವಿನ ಅಂತರ ಹೆಚ್ಚಿದ್ದರೆ ಎಂಜಿನ್ ಬಾಗುವುದು ಹೇಗೆ?

1907ರಲ್ಲಿ ಶುರುವಾದ ನೇರಳ್-ಮಾಥೇರಾನ್ ಹಾದಿಗೆ ಆರು ಗಾಲಿಯ ಪುಟ್ಟ ಎಂಜಿನ್ನುಗಳನ್ನೇ ತಂದಿದ್ದರು. ತುದಿಯ ಅಚ್ಚುಗಳು ತಿರುವಿಗೆ ತಕ್ಕಂತೆ ಹೊರಳುತ್ತಿದ್ದವು. ಅದೇ ನನಗೆ ಪಾಠವಾಯಿತು. ನೀವೂ ಕೊಳ್ಳುವುದಿದ್ದರೆ, ಅಂದಕ್ಕೆ ಮರುಳಾಗುವ ಮೊದಲು ಅದು ಎಷ್ಟು ತ್ರಿಜ್ಯದಲ್ಲಿ ತಿರುಗುತ್ತದೆಂದು ಕೇಳಿ.

ಈಗ ನನ್ನ 0-6-0 ತಪ್ಪದೆ ಸುತ್ತುತ್ತಿದೆ. ಅಪ್ಪನ ನೆನಪಿನದು ಟಿವಿ ಪಕ್ಕ ನಿಂತಿದೆ. ಅದಕ್ಕೆ ಬೇಕಾದ ಜಾಗವೊಂದನ್ನು ಮಾತ್ರ ಈ ಊರು ನನಗೆ ಕೊಡಲಿಲ್ಲ.