ಛತ್ರದವನ ಪಾಳಿ

ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಬರುವ ಸಮಾರ್ಯದವನ ಕತೆ ಕ್ರೈಸ್ತರಲ್ಲದವರಿಗೂ ಗೊತ್ತು. ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯಲ್ಲಿ ಒಬ್ಬ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದಾನೆ. ಯಾಜಕ ನೋಡಿ ದಾಟಿಹೋಗುತ್ತಾನೆ, ಲೇವಿಯನೂ ಹಾಗೆಯೇ. ಪರಕೀಯನಾದ ಸಮಾರ್ಯದವನು ನಿಂತು, ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ಛತ್ರಕ್ಕೆ ಕರೆತಂದು ಆರೈಕೆ ಮಾಡುತ್ತಾನೆ. ಗುರುಗಳು ಪೂಜೆಯಲ್ಲಿ ಕೊಡುವ ಪ್ರಬೋಧನೆಯೆಲ್ಲ ಅವನ ಕುರಿತೇ. ನನಗೆ ಮಾತ್ರ ಛತ್ರದವನು ಹೆಚ್ಚು ಹತ್ತಿರದವನು. ಮರುದಿನ ಸಮಾರ್ಯದವನು ಅವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು ಹೊರಡುತ್ತಾನೆ. ಆ ಕಾಲದ ಲೆಕ್ಕದಲ್ಲಿ ಎರಡು ದಿನದ ಕೂಲಿ ಅದು. ಆಮೇಲಿನ ಹಗಲು ರಾತ್ರಿಗಳೆಲ್ಲ ಛತ್ರದವನ ಪಾಲಿಗೆ. ಅವನಿಗೆ ಬೇರೆ ಗಿರಾಕಿಗಳೂ ಇದ್ದಿರಬೇಕು, ಒಲೆಯ ಮೇಲೆ ಅಡುಗೆಯೂ ಇದ್ದಿರಬೇಕು. ಕತೆ ಅವನ ಹೆಸರು ಹೇಳುವುದಿಲ್ಲ, ಅವನಿಂದ ಒಂದು ಮಾತನ್ನೂ ಆಡಿಸುವುದಿಲ್ಲ. ಸಂಬಳಕ್ಕೆ ಶುಶ್ರೂಷೆ ಮಾಡುವ ನಮ್ಮಂಥವರಿಗೆ ಈ ಕತೆಯಲ್ಲಿ ಜಾಗವಿರುವುದು ಅವನ ಪಕ್ಕದಲ್ಲೇ.

ನಾನು ಬಯಲುಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಹೊಲಕ್ಕೆ ಹೊಡೆಯುವ ಔಷಧಿ ಕುಡಿದವರು ಕ್ಯಾಶುವಾಲ್ಟಿಗೆ ಬಂದರೆ ಸ್ಟ್ರೆಚರಿಗಿಂತ ಮೊದಲು ವಾಸನೆ ಒಳಗೆ ಬರುತ್ತದೆ. ವಿಷ ಚರ್ಮದ ಮೂಲಕವೂ ಇಳಿಯುವುದರಿಂದ ಬಟ್ಟೆ ಕತ್ತರಿಸಿ ತೆಗೆದು, ಸೋಪಿನ ನೀರಿನಲ್ಲಿ ಮೈ, ತಲೆಗೂದಲು ತೊಳೆಯಬೇಕು. ಬಾಯಲ್ಲಿ ಜೊಲ್ಲು, ಎದೆಯಲ್ಲಿ ಗೊರಗೊರ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಎದೆಯ ಸದ್ದು ತಿಳಿಯಾಗುವವರೆಗೆ ಅಟ್ರೋಪಿನ್ ಕೊಡುತ್ತಲೇ ಇರಬೇಕು. ಅದೇ ಔಷಧ ತುಸು ಹೆಚ್ಚಾದರೆ ಭ್ರಮೆ ಹಿಡಿಯುತ್ತದೆ: ಡ್ರಿಪ್ ಕೀಳುತ್ತಾರೆ, ಉಗುಳುತ್ತಾರೆ, ಹೆತ್ತವರನ್ನೆಲ್ಲ ಎತ್ತಿ ಬೈಯುತ್ತಾರೆ. ಪಕ್ಕದ ಹಾಸಿಗೆಯಲ್ಲಿ ಅಪಘಾತವಾದ ಹುಡುಗ ನರಳುತ್ತಿರುತ್ತಾನೆ. ಆಗಲೇ ಯಾರೋ ಗೊಣಗುತ್ತಾರೆ, "ಬದುಕೋಕೆ ಒದ್ದಾಡ್ತಿರೋರನ್ನ ಬಿಟ್ಟು ಸಾಯೋಕೆ ಹೋದವ್ರಿಗೆ ಇಷ್ಟೆಲ್ಲ ಯಾಕೆ?" ಆ ಗೊಣಗಾಟದ ಹಿಂದಿನ ದಣಿವು ನನಗೆ ಗೊತ್ತು. ಮಾತನ್ನು ಮಾತ್ರ ಒಪ್ಪಲಾರೆ.

ಎಲ್ಲ ರಾತ್ರಿಯೂ ಕನಿಕರ ತಾನಾಗಿ ಉಕ್ಕುವುದಿಲ್ಲ. ಅದು ಬರಲೆಂದು ಕಾದರೆ ಅಟ್ರೋಪಿನ್ ತಡವಾಗುತ್ತದೆ. ಕೈ ಮೊದಲು ಹೋಗಬೇಕು, ಮನಸ್ಸು ಹಿಂದೆ ಬಂದೀತು. ಯೇಸುಸ್ವಾಮಿ ನನ್ನಿಂದ ಕೇಳುವುದು ಇಷ್ಟೇ ಎಂದು ನಂಬಿದ್ದೇನೆ.

ವಿಷ ಇಳಿದು, ಮಾತು ಮರಳಿದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ಸುಮಾರು ಒಂದರಿಂದ ನಾಲ್ಕು ದಿನದೊಳಗೆ ಕೆಲವರಿಗೆ ಕುತ್ತಿಗೆಯ ಸ್ನಾಯು ಸೋಲುತ್ತದೆ, ಹಿಂದೆಯೇ ಉಸಿರಾಟವೂ ಸೋಲುತ್ತದೆ. ಆದ್ದರಿಂದ ದಿಂಬಿನಿಂದ ತಲೆ ಎತ್ತಲಾಗುತ್ತದೆಯೇ ಎಂದು ಮತ್ತೆ ಮತ್ತೆ ನೋಡಬೇಕು. ಒಮ್ಮೆ ಒಬ್ಬ ರೈತ, ಸಾಲದಲ್ಲಿ ಮುಳುಗಿದವನು, ನನ್ನ ಮುಖ ನೋಡದೆ ಕೇಳಿದ: "ಯಾಕ್ ಉಳ್ಸಿದ್ರಿ ಸಿಸ್ಟರ್?"

"ಮೊದ್ಲು ತಲೆ ಎತ್ತಿ ತೋರ್ಸಿ ಅಣ್ಣ."

ಎತ್ತಿದ. ಗಂಟೆಯ ಬಳಿಕ ಮತ್ತೆ ಹೋದೆ. ಮೂರನೆಯ ಸಲ ನಾನು ಹೇಳುವ ಮೊದಲೇ ಎತ್ತಿದ. "ರಾತ್ರಿಯೆಲ್ಲ ಬರ್ತಾನೇ ಇರ್ತೀರಾ?" ಎಂದ. "ಬರ್ತೀನಿ" ಎಂದೆ. ಅವನ ಪ್ರಶ್ನೆಗೆ ನನ್ನಲ್ಲಿ ಬೇರೆ ಉತ್ತರವಿರಲಿಲ್ಲ.

ವಾರ್ಡಿನಲ್ಲಿ ನಾನು ಯೇಸುವಿನ ಹೆಸರೆತ್ತುವುದಿಲ್ಲ. ಎದ್ದುಹೋಗಲಾರದವನ ಮುಂದೆ ಉಪದೇಶ ಮಾಡುವುದು ಅನ್ಯಾಯ. ಅವನ ದೇವರು, ಅವನ ತಾಯತ ಅವನ ಬಳಿಯೇ ಇರಲಿ. ಬೆವರಿದ ಹಣೆ ಒರೆಸುವುದಕ್ಕೆ ಧರ್ಮದ ಹೆಸರು ಬೇಕಾಗಿಲ್ಲ.

ಕನಿಕರವನ್ನು ನನ್ನ ಧರ್ಮಸಭೆಯೂ ನಿಧಾನವಾಗಿಯೇ ಕಲಿಯಿತು. ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ 1917ರ ಕ್ಯಾನನ್ ಸಂಹಿತೆ ಚರ್ಚಿನ ಶವಸಂಸ್ಕಾರ ನಿರಾಕರಿಸಿತ್ತು. 1983ರ ಸಂಹಿತೆ ಆ ನಿಷೇಧವನ್ನು ಕೈಬಿಟ್ಟಿತು. 1992ರ ಧರ್ಮೋಪದೇಶ ಗ್ರಂಥ ಮನಸ್ಸಿನ ತೀವ್ರ ಯಾತನೆ ಹೊಣೆಯನ್ನು ತಗ್ಗಿಸುತ್ತದೆ ಎಂದಿತು, ಅಂಥವರ ಸದ್ಗತಿಯ ಬಗ್ಗೆ ನಿರಾಶರಾಗಬೇಡಿ ಎಂದೂ ಹೇಳಿತು. ನೆಲದ ಕಾನೂನು ಇನ್ನೂ ತಡ ಮಾಡಿತು. 1860ರ ದಂಡಸಂಹಿತೆಯ 309ನೇ ಕಲಂ ಬದುಕುಳಿದವರಿಗೆ ಒಂದು ವರ್ಷದವರೆಗೆ ಜೈಲು ಎನ್ನುತ್ತಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ. ಇನ್ನು ಬದಲಾಗಬೇಕಾದದ್ದು ಹಾಸಿಗೆಯ ಸುತ್ತ ನಿಂತವರ ನಾಲಗೆ. ನೋಡಲು ಬಂದ ನೆಂಟರು ವಿಚಾರಣೆ ಶುರುಮಾಡುತ್ತಾರೆ: ಯಾಕೆ ಮಾಡ್ಕೊಂಡೆ, ಹೆಂಡ್ತಿ ಮಕ್ಕಳ ನೆನಪಾಗಲಿಲ್ವಾ? ಅವನಿಗೆ ನೆನಪಿತ್ತು. ಆ ನೆನಪಿನ ಭಾರವೂ ಸೇರಿಯೇ ಅವನನ್ನು ಕುಗ್ಗಿಸಿತ್ತು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಇಂಥ ಹಾಸಿಗೆಯ ಬಳಿ ನೀವು ಹೋಗಬೇಕಾಗಿ ಬಂದರೆ ಬುದ್ಧಿಮಾತು ಬೇಡ. ಒಂದು ಜೊತೆ ಒಗೆದ ಬಟ್ಟೆ ತನ್ನಿ. ಬರುವಾಗ ಉಟ್ಟಿದ್ದನ್ನು ನಾವು ಕತ್ತರಿಸಿ ಹಾಕಿರುತ್ತೇವೆ. ರಾತ್ರಿಯೆಲ್ಲ ಕೂತ ಹೆಂಡತಿಗೋ ತಾಯಿಗೋ ಊಟ ಮಾಡಿಸಿ, ಒಂದು ತಾಸು ಅವರ ಜಾಗದಲ್ಲಿ ಕೂತುಕೊಳ್ಳಿ. ಮನೆಗೆ ಹೊರಡುವಾಗ ಅವರ ಫೋನಿನಲ್ಲಿ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಉಳಿಸಿಕೊಡಿ. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.