ಕಾಶಿಗೆ ಹೋದ ಹಿರಿಯರು

ಚಂದಾಪುರದ ನಮ್ಮ ಮನೆಯಲ್ಲಿ ಮುತ್ತಾತನ ತಮ್ಮನವರ ಪ್ರಸ್ತಾಪ ಬಂದಾಗಲೆಲ್ಲ ಅಜ್ಜಿಯವರು, “ಕಾಶಿಗೆ ಹೋದರು, ಮತ್ತೆ ಬರಲಿಲ್ಲ” ಎಂದು ಮಾತು ಮುಗಿಸುತ್ತಿದ್ದರು. ಹೊಲದ ಬದುವಿನ ಜಗಳದಲ್ಲಿ ಕೊಲೆಯೊಂದು ನಡೆದು, ಅವರು ಕರಿನೀರಿಗೆ, ಎಂದರೆ 1858ರಲ್ಲಿ ಕೈದಿಗಳ ವಸಾಹತಾದ ಅಂಡಮಾನಿಗೆ, ಹೋದರೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ, ಅದೂ ಪಿಸುಮಾತಿನಲ್ಲಿ. ಹೆಸರನ್ನಂತೂ ಯಾರೂ ಹೇಳಲಿಲ್ಲ.

ಹೋದ ವರ್ಷ ಮಗನ ಮನೆಗೆಂದು ಸಿಡ್ನಿಗೆ ಹೋಗಿದ್ದೆವು. ನೆರೆಮನೆಯ ವೃದ್ಧೆಯೊಬ್ಬರು ನಮ್ಮನ್ನು ಚಹಾಕ್ಕೆ ಕರೆದು, ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ್ದ ಕಾಗದವೊಂದನ್ನು ಬಹು ಅಭಿಮಾನದಿಂದ ತೋರಿಸಿದರು. ಯಾವುದೋ ಬಿರುದುಪತ್ರವಿರಬೇಕೆಂದು ಭಾವಿಸಿದೆವು. ನೋಡಿದರೆ ಅದು ಅವರ ಮೂಲಪುರುಷನ ಹೆಸರಿದ್ದ ಕೈದಿಪಟ್ಟಿಯ ನಕಲು! ಕುದುರೆ ಕದ್ದದ್ದಕ್ಕೆ ಆಜೀವ ದ್ವೀಪಾಂತರ. ಎತ್ತರ, ಮೈಬಣ್ಣ, ಕಣ್ಣಿನ ಬಣ್ಣ ಎಲ್ಲವೂ ದಾಖಲು. 1788ರಿಂದ 1868ರವರೆಗೆ ಹಡಗುಗಳಲ್ಲಿ ಆ ನಾಡಿಗೆ ಬಂದ ಕೈದಿಗಳು ಸುಮಾರು 1,62,000 ಮಂದಿ. ಅವರ ಸಂತತಿಯವರು ಈಗ ಕಡತಗಳಲ್ಲಿ ತಮ್ಮ ಹಿರಿಯರನ್ನು ಹುಡುಕುತ್ತಾರೆ, ಸಿಕ್ಕರೆ ಹಿಗ್ಗುತ್ತಾರೆ.

ಆ ಕುದುರೆಗಳ್ಳನಿಗೆ ಕ್ಷಮೆಯಿತ್ತವನು 1810ರಿಂದ 1821ರವರೆಗೆ ಅಲ್ಲಿ ಗವರ್ನರಾಗಿದ್ದ ಲಾಕ್ಲನ್ ಮ್ಯಾಕ್ವಾರಿ. ಕುತೂಹಲದಿಂದ ಅವನ ವಿಷಯವನ್ನೂ ಓದಿದೆವು. ಓದಿದಂತೆ ನಮ್ಮ ಊರ ದಾರಿಯೇ ಎದುರಾಯಿತು! 1792ರಲ್ಲಿಯೂ 1799ರಲ್ಲಿಯೂ ಶ್ರೀರಂಗಪಟ್ಟಣವನ್ನು ಮುತ್ತಿದ ಸೈನ್ಯದಲ್ಲಿ ಈತನಿದ್ದನು. 1795ರಲ್ಲಿ ಕೊಚ್ಚಿಯಲ್ಲಿ ಗುಲಾಮನಾಗಿ ಕೊಂಡ ಬಾಲಕನೊಬ್ಬನಿಗೆ ತನ್ನ ಪತ್ನಿಯ ತವರಿನ ಹೆಸರು ಸೇರಿಸಿ ಜಾರ್ಜ್ ಜಾರ್ವಿಸ್ ಎಂದು ಕರೆದರು. ಆ ಹುಡುಗ ಸೇವಕನಾಗಿ ಸಿಡ್ನಿಯವರೆಗೂ ಹೋಗಿ, ಅಲ್ಲಿಗೆ ಕೈದಿಯಾಗಿ ಬಂದಿದ್ದ ಹೆಣ್ಣನ್ನು ಮದುವೆಯಾದನು. ಕೊಂಡ ಮಗುವಿನ ಲೆಕ್ಕವೂ ಕಾಗದದಲ್ಲಿ ಉಳಿದಿದೆ.

ಮ್ಯಾಕ್ವಾರಿಯನ್ನು ಸಾಧುಪುರುಷನೆನ್ನಲು ನಮ್ಮಿಂದಾಗದು. ಆದರೂ ಶಿಕ್ಷೆ ಕಳೆದವರನ್ನು ಆತ ತನ್ನ ಊಟದ ಮೇಜಿಗೆ ಕರೆದನು. ಅಂಥವರಲ್ಲಿ ಕೆಲವರನ್ನು ನ್ಯಾಯಾಧಿಕಾರಿಗಳನ್ನಾಗಿಯೂ ನೇಮಿಸಿದನು. ಅಲ್ಲಿಯ ದೊಡ್ಡಮನುಷ್ಯರಿಗೆ ಇದರಿಂದ ಬಹಳ ಕೋಪ ಬಂದಿತಂತೆ. ಪಂಕ್ತಿಭೇದ ನಮ್ಮಲ್ಲಿ ಮಾತ್ರವೆಂದು ತಿಳಿದಿದ್ದೆವು! ನಮ್ಮ ಮನೆಯವರೋ, ತಮ್ಮವರೊಬ್ಬರನ್ನು ತರ್ಪಣದ ಸಾಲಿನಿಂದಲೇ ಎಬ್ಬಿಸಿದ್ದರು.

ಊರಿಗೆ ಮರಳಿದ ಮೇಲೆ ಆನೇಕಲ್ಲಿನಲ್ಲಿರುವ ವೃದ್ಧ ಸೋದರತ್ತೆಯವರನ್ನು ಕಂಡು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, ಬಾಗಿಲನ್ನು ಮುಂದೂಡಿ ಬಂದು, ಆ ಹೆಸರನ್ನು ಒಂದೇ ಸಲ ಹೇಳಿದರು.

ಮಹಾಲಯ ಅಮಾವಾಸ್ಯೆಯ ದಿನ ಪುರೋಹಿತರು ತಿಥಿಯನ್ನು ಕೇಳಿದರು. ತಿಳಿಯದೆಂದೆವು.

“ಈ ದಿನಕ್ಕೆ ತಿಥಿ ಯಾಕೆ ಸ್ವಾಮಿ? ಹೆಸರು ಹೇಳಿ” ಎಂದರು.

ಹೇಳಿದೆವು.