ಜಂಗಮಕೋಟೆಯ ಕೀಲಿಮಣೆ

ವಿಜಯಪುರವನ್ನು ದಾಟಿದ ಬಸ್ಸು ಹಿಪ್ಪುನೇರಳೆ ತೋಟಗಳ ನಡುವೆ ಸಾಗಿ, ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯಲ್ಲಿ ನನ್ನನ್ನು ಇಳಿಸಿದಾಗ ಬಿಸಿಲೇರಿತ್ತು. ರೇಷ್ಮೆಯ ಸೀಮೆಗೆ ಗೂಡಿನ ಧಾರಣೆ ವಿಚಾರಿಸಲಲ್ಲದೆ, ಹಳೆಯ ಕಂಪ್ಯೂಟರ್ ಕೀಲಿಮಣೆಯೊಂದರ ಹುಟ್ಟೂರು ಹೇಳಲು ಬಂದವನು ಬಹುಶಃ ನಾನೊಬ್ಬನೇ. ಇಂಥ ವಸ್ತುಗಳ ಹುಚ್ಚು ನನಗುಂಟೆಂದು ಬಲ್ಲ ಮಿತ್ರರು ಕಳುಹಿಸಿದ್ದರು.

ಅರ್ಜಿ ಬರೆದು ಜೀವನ ಸಾಗಿಸಿದ ಹಿರಿಯರೊಬ್ಬರ ಮನೆ. ಬೆಂಗಳೂರಿನ ಸಂಗ್ರಾಹಕರೊಬ್ಬರು ಮಣೆಯನ್ನು ಒಳ್ಳೆಯ ಬೆಲೆಗೆ ಕೊಳ್ಳುವರಂತೆ. ಆದರೆ ಅದು ನಿಜವಾದ ಐ.ಬಿ.ಎಂ. ಆಗಿರಬೇಕು, ಮೇಲೆ ಅಂಟಿಸಿದ ಕನ್ನಡ ಅಕ್ಷರಗಳನ್ನು ಕೆರೆದು ತೆಗೆದಿರಬೇಕು.

ಮುಂದಿನ ಲಾಂಛನ ಉದುರಿಹೋಗಿತ್ತು. ಮಗುಚಿ ನೋಡಿದೆ. ಬೆನ್ನಿನ ಚೀಟಿಯಲ್ಲಿ 1391401 ಎಂಬ ಸಂಖ್ಯೆ, 1989ರ ತಾರೀಖು. ಕೀಲಿಯೊಂದರ ಟೊಪ್ಪಿಗೆ ಕಿತ್ತರೆ ಒಳಗೆ ಪುಟ್ಟ ಸ್ಪ್ರಿಂಗು. ಒತ್ತಿದಾಗ ಅದು ಬಾಗಿ ‘ಟಕ್’ ಎನ್ನುತ್ತದೆ. 1985ರಲ್ಲಿ ಹೊರಬಂದ ‘ಮಾಡೆಲ್ ಎಂ’ ಎಂಬುದರಲ್ಲಿ ಸಂದೇಹವಿಲ್ಲ. ಆ ಸಂಖ್ಯೆ ಅಮೆರಿಕದ ಇಂಗ್ಲಿಷ್ ವಿನ್ಯಾಸದ್ದು. ಐ.ಬಿ.ಎಂ. 1978ರಲ್ಲಿ ಭಾರತವನ್ನು ತೊರೆದು, 1992ರಲ್ಲಿ ಟಾಟಾದವರ ಜೊತೆಗೂಡಿ ಮರಳಿತು. ನಡುವೆ ಹುಟ್ಟಿದ ಈ ಮಣೆ ಬಂದ ದಾರಿ ಯಾವುದು?

“ಎಸ್.ಪಿ. ರಸ್ತೆಯ ಹಳೆ ಸಾಮಾನಿನಂಗಡಿ, ಸ್ವಾಮಿ,” ಎಂದರು ಹಿರಿಯರು. ಅದಕ್ಕೂ ಹಿಂದಿನದು ಅವರಿಗೂ ತಿಳಿಯದು.

ಇನ್ನು ಅಕ್ಷರಗಳು. ಸ್ವರಚಿಹ್ನೆಗಳು ಬಹುಪಾಲು ಎಡಕ್ಕೆ, ವ್ಯಂಜನಗಳು ಬಹುಪಾಲು ಬಲಕ್ಕೆ. ‘ಡಿ’ ಕೀಲಿಯ ಮೇಲೆ ಹಲಂತದ ಗುರುತು. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಭಾರತೀಯ ಲಿಪಿಗಳಿಗೆ ಒಂದೇ ಅಚ್ಚಿನಲ್ಲಿ ಗೊತ್ತುಮಾಡಿದ ಇನ್‌ಸ್ಕ್ರಿಪ್ಟ್ ಅದು. ಕೆ.ಪಿ. ರಾಯರ ವಿನ್ಯಾಸವಾಗಿದ್ದರೆ ಹಲಂತ ‘ಎಫ್’ ಮೇಲೆ, ಟಕಾರ ‘ಕ್ಯೂ’ ಮೇಲೆ ಇರುತ್ತಿತ್ತು. ಎಲ್ಲಕ್ಕಿಂತ ಸವೆದದ್ದೂ ಹಲಂತದ ಚೀಟಿಯೇ. ಒತ್ತಕ್ಷರವಿಲ್ಲದೆ ಕನ್ನಡದಲ್ಲಿ ಅರ್ಜಿ ಬರೆಯುವುದುಂಟೆ?

“ಬರೆದು ಕತ್ತರಿಸಿ ಅಂಟಿಸಿದ್ದು ನಮ್ಮ ಮನೆಯವರು. ಸವೆದಂತೆಲ್ಲ ಹೊಸದು ಅಂಟಿಸೋರು. ಈಗವರಿಲ್ಲ,” ಎಂದರು ಹಿರಿಯರು. ಸ್ವಲ್ಪ ತಡೆದು, “ಕೆರೆದರೆ ಬೆಲೆ ಬರುತ್ತದೆಯೆ?” ಎಂದು ಕೇಳಿದರು.

ಇಲ್ಲವೆನ್ನಲು ನಾಲಗೆ ತುದಿಯವರೆಗೂ ಬಂದಿತ್ತು. “ಬರುತ್ತದೆ, ಯಜಮಾನರೆ,” ಎಂದೆ.

ಅವರು ಚೀಟಿಯ ಸಂಖ್ಯೆಯನ್ನೂ ತಾರೀಖನ್ನೂ ನನ್ನಿಂದ ಕಾಗದದಲ್ಲಿ ಬರೆಸಿಕೊಂಡರು. ಮಣೆಯ ಮೇಲೆ ಬಟ್ಟೆ ಹೊದಿಸಿದರು.

“ಬೆಂಗಳೂರಿನವರಿಗೆ ನೀವೇ ಹೇಳಿಬಿಡಿ ಸ್ವಾಮಿ. ಅಕ್ಷರ ಸಮೇತ ಬೇಕಾದರೆ ಬರಲಿ.”